ವಾರ್ಡಿನ ಹೊಣೆ ಹೊತ್ತವರ ಒತ್ತಡ

ನಮ್ಮ ಈ ಪತ್ರಿಕೆಯಲ್ಲಿ ಗರ್ಭಿಣಿಯರ ಆರೈಕೆ, ಕ್ಷಯರೋಗ, ರಕ್ತಹೀನತೆ, ಉಳಿತಾಯ ಸಂಘ ಇಂಥ ವಿಷಯಗಳ ಮೇಲೆ ಪಾಠ ಬರುವುದು ವಾಡಿಕೆ. ಈ ಸಲ ಆರೈಕೆ ಮಾಡುವವರ ಬಗ್ಗೆಯೇ ಒಂದು ಪಾಠ ಇರಲಿ ಅಂತ ನಾವು ನಿಶ್ಚಯಿಸಿದೆವು. ಅದರಲ್ಲೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳ ಆಸ್ಪತ್ರೆಗಳಲ್ಲಿ ಒಂದೊಂದು ವಾರ್ಡಿನ ಹೊಣೆ ಹೊತ್ತ ಹಿರಿಯ ನರ್ಸ್‌ಗಳ ಬಗ್ಗೆ. ಪಟ್ಟಣದ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಇವರಿಗೆ ನರ್ಸಿಂಗ್ ಮ್ಯಾನೇಜರ್ ಅಂತ ಬೋರ್ಡು, ಕುರ್ಚಿ, ಕೋಣೆ ಎಲ್ಲ ಇರುತ್ತದೆ. ನಮ್ಮ ಕಡೆ ಅಂಥ ಬೋರ್ಡಿಲ್ಲ. ‘ಇನ್‌ಚಾರ್ಜ್ ಸಿಸ್ಟರ್’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಹಳ್ಳಿಯ ಮುದುಕಿಯರು ಮಾತ್ರ ಇನ್ನೂ ‘ದೊಡ್ಡ ನರ್ಸಬಾಯಿ’ ಅಂತಲೇ ಕರೆಯುತ್ತಾರೆ. ಸರ್ಕಾರ ಈಗ ಶುಶ್ರೂಷಣಾಧಿಕಾರಿ, ಹಿರಿಯ ಶುಶ್ರೂಷಣಾಧಿಕಾರಿ ಅಂತ ಹೆಸರು ಬದಲಿಸಿದೆ. ಹೆಸರಿನಲ್ಲಿ ಅಧಿಕಾರಿ ಸೇರಿತು, ಕೈಗೆ ಅಧಿಕಾರ ಎಷ್ಟು ಬಂತು ಅನ್ನುವುದನ್ನು ಮುಂದೆ ನೋಡೋಣ.

2018ರಲ್ಲಿ ಜಿಲ್ಲೆಯಲ್ಲಿ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಇವೆಲ್ಲ ಹೊಸ ತಾಲ್ಲೂಕುಗಳಾದವು. ಕಚೇರಿಗಳು ಹಂಚಿಹೋದವು. ಆದರೂ ಹೆರಿಗೆ ನೋವು ಬಿಗಿಯಾಯಿತು, ಹಾವು ಕಚ್ಚಿತು ಅಂದರೆ ಜನರ ಕಾಲು ಹೊರಳುವುದು ಬಹಳಷ್ಟು ಸಲ ಹಳೆಯ ತಾಲ್ಲೂಕು ಆಸ್ಪತ್ರೆಯ ಕಡೆಗೇ.

ಒಂದು ಮುಂಜಾನೆ

ಇನ್‌ಚಾರ್ಜ್ ಸಿಸ್ಟರ್ ಎಂಟಕ್ಕೆ ವಾರ್ಡಿಗೆ ಬರುತ್ತಾರೆ. ಅದಕ್ಕೂ ಮೊದಲು ಮನೆಯಲ್ಲಿ ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಅತ್ತೆಯ ಗುಳಿಗೆ ಎತ್ತಿಟ್ಟು ಬಂದಿರುತ್ತಾರೆ. ವಿಜಯಪುರದಿಂದ ಅಪ್-ಡೌನ್ ಮಾಡುವವರಾದರೆ ಆರೂವರೆಗೇ ಬಸ್ ಸ್ಟ್ಯಾಂಡಿನಲ್ಲಿ. ವಾರ್ಡಿಗೆ ಕಾಲಿಟ್ಟ ಮೊದಲ ಹತ್ತು ನಿಮಿಷದಲ್ಲಿ ಅವರ ಕಿವಿಗೆ ಬೀಳುವ ಸುದ್ದಿ ಕೇಳಿ: ರಾತ್ರಿ ಎರಡು ಹೆರಿಗೆ, ಒಂದು ರೆಫರ್. ಹಗಲು ಪಾಳಿಗೆ ಬರಬೇಕಾದ ಹುಡುಗಿಯ ಮಗುವಿಗೆ ಜ್ವರ, ಬರುವುದಿಲ್ಲ. ಧೋಬಿ ಬೆಡ್‌ಶೀಟ್ ತಂದಿಲ್ಲ. ಒಂದು ಆಕ್ಸಿಜನ್ ಸಿಲಿಂಡರ್ ತಳ ಮುಟ್ಟಿದೆ. ಹಳದಿ ಚೀಲದ ಕಸದಲ್ಲಿ ಯಾರೋ ಬಿಸ್ಕಿಟ್ ಕಾಗದ ಹಾಕಿದ್ದಾರೆ. ಹತ್ತು ಗಂಟೆಗೆ ಜಿಲ್ಲೆಯಿಂದ ತಪಾಸಣೆ ತಂಡ ಬರುತ್ತದಂತೆ, ಕಳೆದ ತಿಂಗಳ ರಜಿಸ್ಟರ್ ಪೂರ್ತಿ ಆಗಿರಬೇಕು. ಇದರ ನಡುವೆ ವರಾಂಡದಲ್ಲಿ ಒಬ್ಬ ಅಜ್ಜ, ‘ಬಾಯಾರ, ನಮ್ಮ ಸೊಸಿಗಿ ಸಲಾಯಿನ್ ಮುಗೀತ ನೋಡ್ರೀ’ ಅಂತ ನಿಂತಿದ್ದಾನೆ.

ಈ ಯಾವುದೂ ದೊಡ್ಡ ಅನಾಹುತವಲ್ಲ. ಒಂದೊಂದನ್ನೇ ಕೇಳಿದರೆ, ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನಿಸುತ್ತದೆ. ಆದರೆ ಎಲ್ಲ ಸೇರಿ ಒಬ್ಬರ ತಲೆಯ ಮೇಲೆ, ದಿನಾಲೂ, ವರ್ಷಗಟ್ಟಲೆ.

ಪಾಳಿಯ ಲೆಕ್ಕ

ಒತ್ತಡದ ಮಾತಿಗೆ ಬರುವ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಸಂಘಗಳ ಹೆಣ್ಣುಮಕ್ಕಳು ಬಡ್ಡಿ ಲೆಕ್ಕದಲ್ಲಿ ಪಳಗಿದವರು, ಇದು ಅವರಿಗೆ ಕಷ್ಟವಲ್ಲ. ಒಂದು ವಾರಕ್ಕೆ 168 ಗಂಟೆ. ಒಬ್ಬ ನರ್ಸ್ ವಾರಕ್ಕೆ 48 ಗಂಟೆ ದುಡಿದರೆ, ವಾರ್ಡಿನಲ್ಲಿ ಹಗಲು ರಾತ್ರಿ ಒಬ್ಬರು ಇರಬೇಕಾದರೆ ಮೂರೂವರೆ ಜನ ಬೇಕು. ಆದರೆ ನರ್ಸ್‌ಗೂ ರಜೆ ಇದೆ, ಕಾಯಿಲೆ ಇದೆ, ಬಾಣಂತನ ಇದೆ, ತರಬೇತಿ ಇದೆ. ಅದಕ್ಕೇ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಅಂತ ಹೇಳುವುದರ ಜೊತೆಗೆ, ರಜೆಗಾಗಿ ಶೇ. 30ರಷ್ಟು ಹೆಚ್ಚುವರಿ ಜನ ಬೇಕು ಅಂತಲೂ ಹೇಳುತ್ತದೆ. ಅದನ್ನು ಸೇರಿಸಿದರೆ ನಾಲ್ಕೂವರೆ ಆಯಿತು. ಹೆರಿಗೆ ಕೋಣೆಯಲ್ಲಿ ಸದಾ ಇಬ್ಬರು ಬೇಕೆಂದರೆ ಒಂಬತ್ತು ಜನ.

ಒಂಬತ್ತರ ಜಾಗದಲ್ಲಿ ಆರು ಜನ ಇದ್ದಾರೆ ಅಂದುಕೊಳ್ಳಿ. ಉಳಿದ ಮೂವರ ಕೆಲಸ ಗಾಳಿಗೆ ಹೋಗುವುದಿಲ್ಲ. ಅದರಲ್ಲಿ ಒಂದಿಷ್ಟು ಆ ಆರು ಜನರ ಮೈ ಮೇಲೆ, ಒಂದಿಷ್ಟು ರೋಗಿಯ ಮೇಲೆ, ಉಳಿದದ್ದೆಲ್ಲ ಡ್ಯೂಟಿ ಪಟ್ಟಿ ಬರೆಯುವವರ ಮೇಲೆ ಬೀಳುತ್ತದೆ. ಪಟ್ಟಿಯಲ್ಲಿ ಖಾಲಿ ಉಳಿದ ಮನೆಗೆ ಇನ್‌ಚಾರ್ಜ್ ಸಿಸ್ಟರ್ ತಮ್ಮದೇ ಹೆಸರು ಬರೆದುಕೊಳ್ಳುತ್ತಾರೆ. ಇಲ್ಲವೇ ಯಾರನ್ನಾದರೂ ಅಂಗಲಾಚುತ್ತಾರೆ. ಒಬ್ಬರು ನಮಗೆ ಹೇಳಿದ್ದು: ‘ಡ್ಯೂಟಿ ಪಟ್ಟಿ ಬರೀಬೇಕಾದ್ರ ಕೈ ನಡಗತಾವ್ರೀ ಸಿಸ್ಟರ್. ಯಾರ ಮನಿ ಹಬ್ಬ ಕೆಡಸ್ಲಿ ಅನಸ್ತದ.’ ಕಾಯಂ ನೌಕರರು, ಗುತ್ತಿಗೆಯವರು ಒಂದೇ ವಾರ್ಡಿನಲ್ಲಿ ಒಂದೇ ಕೆಲಸ ಮಾಡಿ ಬೇರೆ ಬೇರೆ ಸಂಬಳ ಪಡೆಯುವ ಕಡೆ ಈ ಪಟ್ಟಿ ಇನ್ನೂ ಕಠಿಣ. ದೀಪಾವಳಿ, ರಂಜಾನ್, ಕ್ರಿಸ್ಮಸ್ ರಾತ್ರಿಗಳನ್ನು ಹಂಚುವಾಗ ಯಾರಿಗೆ ಹಾಕಿದರೂ ಮತ್ತೊಬ್ಬರಿಗೆ ಪಕ್ಷಪಾತ ಕಾಣುತ್ತದೆ.

ಮಳೆಗಾಲದಲ್ಲಿ ಮತ್ತೊಂದು ತಾಪತ್ರಯ. ಡೋಣಿ ಉಕ್ಕಿದರೆ ತಾಳಿಕೋಟಿ ಕಡೆಯ ಹಾದಿ ಬಂದ್ ಆಗುತ್ತದೆ. ಬೆಳಗಿನ ಪಾಳಿಯವರು ಆ ದಂಡೆಯಲ್ಲಿ ನಿಂತಿರುತ್ತಾರೆ, ರಾತ್ರಿ ಪಾಳಿಯವರಿಗೆ ಇಲ್ಲಿ ಬಿಡುಗಡೆ ಇಲ್ಲ.

ಒತ್ತಡ ಅಂದರೇನು, ಬಸವಳಿಕೆ ಅಂದರೇನು

ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ದೇಹದ ಒತ್ತಡದ ಬಗ್ಗೆ ಮೊದಲ ಲೇಖನ ಬರೆದರು. ಬೇರೆ ಬೇರೆ ಕಾರಣಕ್ಕೆ ದೇಹ ಒಂದೇ ತರಹ ಬಿಗಿಯಾಗುತ್ತದೆ, ಕೆಲ ಕಾಲ ತಾಳಿಕೊಳ್ಳುತ್ತದೆ, ಬಿಡುವು ಸಿಗದಿದ್ದರೆ ಸೋಲುತ್ತದೆ ಅನ್ನುವುದು ಅವರ ಮಾತಿನ ತಿರುಳು. ಸ್ವಲ್ಪ ಒತ್ತಡ ಕೆಟ್ಟದ್ದಲ್ಲ. ಬಾಣಂತಿಗೆ ರಕ್ತಸ್ರಾವ ಶುರುವಾದಾಗ ನರ್ಸ್‌ಳ ಎದೆ ಜೋರಾಗಿ ಬಡಿಯಬೇಕು, ಕೈ ಬೇಗ ಓಡಬೇಕು. ಆ ಗಂಟೆ ಮುಗಿದ ಮೇಲೆ ಎದೆ ಮತ್ತೆ ಶಾಂತವಾಗಬೇಕು. ಶಾಂತವಾಗಲು ಬಿಡುವೇ ಇಲ್ಲದಾಗ ಸಂಕಟ ಶುರು.

ಇಂಗ್ಲಿಷಿನಲ್ಲಿ ಬರ್ನ್‌ಔಟ್ ಅನ್ನುವ ಮಾತನ್ನು ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಸೇವಾ ಕೆಲಸ ಮಾಡುವವರ ಬಗ್ಗೆಯೇ ಬಳಸಿದರು. ನಾವು ಬಸವಳಿಕೆ ಅನ್ನೋಣ. ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಮೂರು ಗುರುತುಗಳು. ಮನಸ್ಸು ಬತ್ತಿ ಹೋಗುವುದು ಒಂದು. ಎದುರಿಗಿರುವ ಮನುಷ್ಯರನ್ನು ಬರೀ ನಂಬರಿನಂತೆ, ಬೆಡ್ಡಿನಂತೆ ಕಾಣುವುದು ಎರಡನೆಯದು. ತಾನು ಮಾಡುವುದರಿಂದ ಏನೂ ಉಪಯೋಗವಿಲ್ಲ ಅನಿಸುವುದು ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕೆಲಸದ ಜಾಗಕ್ಕೆ ಸಂಬಂಧಿಸಿದ ವಿದ್ಯಮಾನ ಅಂತ ತನ್ನ ಪಟ್ಟಿಯಲ್ಲಿ ವಿವರಿಸಿತು. ರೋಗ ಅಂತ ಕರೆಯಲಿಲ್ಲ. ಇದು ಮುಖ್ಯ, ಯಾಕೆಂದರೆ ರೋಗವಾದರೆ ಗುಳಿಗೆ ಒಬ್ಬರಿಗೆ ಕೊಟ್ಟು ಮುಗಿಸಬಹುದು. ಕೆಲಸದ ಜಾಗದ್ದಾದರೆ ಕೆಲಸದ ಜಾಗವನ್ನೇ ಸರಿಪಡಿಸಬೇಕು.

ಎರಡನೆಯ ಗುರುತನ್ನು ನಾವೆಲ್ಲರೂ ನೋಡಿದ್ದೇವೆ, ಆದರೆ ಗುರುತಿಸಿರುವುದಿಲ್ಲ. ‘ಆ ನರ್ಸ್ ಬಾಳ ಸಿಟ್ಟಿನಾಕಿ’ ಅಂತ ಹೇಳಿ ಮುಂದೆ ಹೋಗುತ್ತೇವೆ. ಹತ್ತು ವರ್ಷದ ಹಿಂದೆ ಅದೇ ನರ್ಸ್ ಬಾಣಂತಿಯ ತಲೆ ಸವರುತ್ತಿದ್ದಳು ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ರಾಬರ್ಟ್ ಕರಾಸೆಕ್ ಎಂಬ ಸಮಾಜ ವಿಜ್ಞಾನಿ 1979ರಲ್ಲಿ ಹೇಳಿದ ಮಾತು ನಮ್ಮ ಇನ್‌ಚಾರ್ಜ್ ಸಿಸ್ಟರ್‌ಗಳಿಗೆ ಅಳತೆ ಹಿಡಿದು ಹೊಲಿದಂತಿದೆ. ಕೆಲಸ ಜಾಸ್ತಿ ಇರುವುದಷ್ಟೇ ಮನುಷ್ಯನನ್ನು ಕೆಡಿಸುವುದಿಲ್ಲ. ಕೆಲಸ ಜಾಸ್ತಿ, ಅದರ ಮೇಲೆ ತನ್ನ ನಿರ್ಧಾರದ ಹಕ್ಕು ಕಡಿಮೆ, ಇವೆರಡೂ ಸೇರಿದಾಗ ಕೆಡಿಸುತ್ತದೆ. ಇನ್‌ಚಾರ್ಜ್ ಸಿಸ್ಟರ್ ಜನರನ್ನು ನೇಮಿಸುವಂತಿಲ್ಲ. ಔಷಧಿ ಕೊಳ್ಳುವಂತಿಲ್ಲ, ಇಂಡೆಂಟ್ ಬರೆದು ಕಾಯಬೇಕು. ಕೆಟ್ಟ ನಲ್ಲಿ ರಿಪೇರಿಗೂ ಮೇಲೆ ಕಾಗದ ಹೋಗಬೇಕು. ಆದರೆ ಔಷಧಿ ಇಲ್ಲದಿದ್ದರೆ, ನಲ್ಲಿ ಸೋರಿದರೆ, ಜನ ಬಾರದಿದ್ದರೆ ಉತ್ತರ ಕೊಡುವವರು ಅವರೇ. ಮೇಲಿನವರು, ಕೆಳಗಿನವರು, ರೋಗಿಯ ಕಡೆಯವರು, ಊರ ಮುಖಂಡರು ಎಲ್ಲರೂ ಬಂದು ನಿಲ್ಲುವುದು ಅವರ ಮೇಜಿನ ಮುಂದೆ.

ನಮ್ಮ ಸೀಮೆಯ ಕಾರಣಗಳು

2005ರಲ್ಲಿ ಜನನಿ ಸುರಕ್ಷಾ ಯೋಜನೆ, 2008ರ ನವೆಂಬರಿನಲ್ಲಿ 108 ಆಂಬುಲೆನ್ಸ್, 2011ರಲ್ಲಿ ಉಚಿತ ಹೆರಿಗೆಯ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ಇವೆಲ್ಲ ಬಂದ ಮೇಲೆ ಮನೆಯಲ್ಲಿ ಹೆರುತ್ತಿದ್ದವರು ಆಸ್ಪತ್ರೆಗೆ ಬಂದರು. ಇದಕ್ಕಾಗಿ ನಮ್ಮ ಸಂಘಗಳು, ಆಶಾ ಅಕ್ಕಂದಿರು ಮನೆ ಮನೆ ತಿರುಗಿದ್ದಾರೆ. ಒಳ್ಳೆಯದೇ ಆಯಿತು. ಆದರೆ ಬಾಗಿಲು ಅಗಲವಾದಷ್ಟು ಒಳಗಿನ ಕೈಗಳು ಹೆಚ್ಚಲಿಲ್ಲ.

ದಸರಾ ಮುಗಿಯುತ್ತಲೂ ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೋಗುತ್ತಾರೆ. ಆರು ತಿಂಗಳ ಗರ್ಭಿಣಿಯಾಗಿ ಹೋದವಳು ಒಂಬತ್ತು ತುಂಬಿದಾಗ ನೇರ ಹೆರಿಗೆ ಕೋಣೆಗೆ ಬಂದಿಳಿಯುತ್ತಾಳೆ. ತಾಯಿ ಕಾರ್ಡಿನಲ್ಲಿ ನಡುವಿನ ತಿಂಗಳುಗಳು ಖಾಲಿ, ರಕ್ತ ಕಡಿಮೆ, ಬಿಪಿ ಹೆಚ್ಚು. ಇಲ್ಲಿಂದ ವಿಜಯಪುರ ತಾಲ್ಲೂಕು ತಾಲ್ಲೂಕಿಗೆ 40ರಿಂದ 80 ಕಿಲೋಮೀಟರ್. ಇಂಡಿ ಕಡೆಯವರು ಸೊಲ್ಲಾಪುರಕ್ಕೂ ಓಡುತ್ತಾರೆ. ಕಳಿಸಬೇಕೋ ಇಟ್ಟುಕೊಳ್ಳಬೇಕೋ ಅನ್ನುವುದು ವೈದ್ಯರ ನಿರ್ಧಾರ. ಆ ನಿರ್ಧಾರವನ್ನು ಸಿಟ್ಟಿಗೆದ್ದ ಹದಿನೈದು ಜನ ಬಂಧುಗಳಿಗೆ ತಿಳಿಸಿ ಹೇಳುವುದು ಹೆಚ್ಚಾಗಿ ಸಿಸ್ಟರ್ ಪಾಲಿಗೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ. ರಾತ್ರಿ ಎರಡು ಗಂಟೆಗೆ ವರಾಂಡದಲ್ಲಿ ಕಾಯ್ದೆ ನಿಂತಿರುವುದಿಲ್ಲ, ಒಬ್ಬ ವಾಚ್‌ಮನ್ ಇದ್ದರೆ ಪುಣ್ಯ.

ಕೋವಿಡ್ ಕಾಲದ ಗಾಯ ಇನ್ನೂ ಪೂರ್ತಿ ಮಾಯ್ದಿಲ್ಲ. 2020, 2021ರಲ್ಲಿ ಕೋವಿಡ್ ವಾರ್ಡಿಗೆ ಯಾರನ್ನು ಹಾಕಬೇಕು ಅಂತ ಹೆಸರು ಬರೆಯುವಾಗ, ಹಾಲುಣಿಸುವ ಮಗು ಇರುವವಳನ್ನೋ, ಸಕ್ಕರೆ ಕಾಯಿಲೆಯ ಗಂಡ ಇರುವವಳನ್ನೋ ಅಂತ ಆರಿಸಬೇಕಾಯಿತು. 2020ರ ಅಕ್ಟೋಬರಿನಲ್ಲಿ ಅದರ ನಡುವೆಯೇ ಭೀಮೆಗೆ ಮಹಾಪೂರ ಬಂತು. 2021ರ ಮೇ ತಿಂಗಳ ಮೊದಲ ವಾರ ಚಾಮರಾಜನಗರದಲ್ಲಿ ಆಕ್ಸಿಜನ್ ಕೊರತೆಯ ದುರಂತವಾದಾಗ, ನಮ್ಮ ಕಡೆಯ ಸಿಸ್ಟರ್‌ಗಳು ನಿದ್ದೆಯಲ್ಲೂ ಸಿಲಿಂಡರ್ ಎಣಿಸುತ್ತಿದ್ದರು. ಆ ದಿನಗಳಲ್ಲಿ ಅವರ ಮೇಲೆ ಹೂ ಸುರಿದರು. ಆಮೇಲೆ ಕುಳಿತು ಮಾತಾಡಿಸಿದವರು ಕಡಿಮೆ.

ಇನ್ನೊಂದು ಕಾರಣವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಇನ್‌ಚಾರ್ಜ್ ಆಗುವ ವಯಸ್ಸು ಹೆಚ್ಚಾಗಿ ನಲವತ್ತೈದು ದಾಟಿದ ಮೇಲೆ. ಮುಟ್ಟು ನಿಲ್ಲುವ ಕಾಲ, ಮೈ ಬಿಸಿಯೇರುವುದು, ನಿದ್ದೆ ಕೆಡುವುದು, ಮೊಣಕಾಲು ನೋವು, ಮಗಳ ಮದುವೆ, ಮುದಿ ತಂದೆತಾಯಿ, ಎಲ್ಲ ಒಟ್ಟಿಗೇ. ಮೇಲೆ ನಮ್ಮ ಸೀಮೆಯ ಏಪ್ರಿಲ್ ಮೇ ಬಿಸಿಲು.

ಒಬ್ಬ ಸಿಸ್ಟರ್ ಕೇಳಿದ್ದು

ಈ ನಾಲ್ಕು ಊರುಗಳಲ್ಲಿ ಒಂದರಲ್ಲಿ, ಯಾವುದು ಅನ್ನುವುದು ಬೇಡ, ಒಬ್ಬ ಹಿರಿಯ ಸಿಸ್ಟರ್ ನಮ್ಮ ಮಹಿಳಾ ಸಭೆ ಮುಗಿದ ಮೇಲೆ ಹಿಂದೆ ಉಳಿದರು. ‘ಸಿಸ್ಟರ್, ನನಗ ಇನ್‌ಚಾರ್ಜ್ ಬ್ಯಾಡರೀ. ಬರೇ ನೈಟ್ ಡ್ಯೂಟಿ ಹಾಕಂತ ನಮ್ಮ ಸಾಹೇಬರಿಗಿ ನೀವರೆ ಹೇಳ್ರಿ. ರಾತ್ರಿ ಪೇಷಂಟ್ ಇರ್ತಾರ, ನಾ ಇರ್ತೀನಿ. ಫೈಲ್ ಇರೂದಿಲ್ಲ’ ಅಂದರು.

ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಸರ್ವಿಸ್ ಆದವರು ರಾತ್ರಿ ಪಾಳಿಯನ್ನೇ ಬೇಡಿಕೊಳ್ಳುತ್ತಾರೆ ಅಂದರೆ ಅವರಿಗೆ ಸಾಕಾಗಿರುವುದು ರೋಗಿಗಳ ಸೇವೆಯಲ್ಲ ಅನ್ನುವುದು ಸ್ಪಷ್ಟ. ಕೆದಕಿ ಕೇಳಿದಾಗ ಹೊರಬಂದ ಸಂಗತಿ: ಕೆಲ ತಿಂಗಳ ಹಿಂದೆ ಅವರ ವಾರ್ಡಿನಲ್ಲಿ ಹೆತ್ತ ಒಬ್ಬ ತಾಯಿ ರಕ್ತಸ್ರಾವವಾಗಿ, ವಿಜಯಪುರದ ಹಾದಿಯಲ್ಲಿ ಆಂಬುಲೆನ್ಸಿನಲ್ಲೇ ತೀರಿಕೊಂಡಿದ್ದಳು. ಅವತ್ತು ಅವರ ವಾರದ ರಜೆ. ಆದರೂ ಮರುದಿನದಿಂದ ಎಲ್ಲ ರಜಿಸ್ಟರ್ ಹೊತ್ತು ಉತ್ತರಿಸಿದವರು ಅವರೇ. ತಾಯಿ ಮರಣದ ಪರಿಶೀಲನೆ ಆಗಲೇಬೇಕು, ಅದರಿಂದಲೇ ಮುಂದಿನ ತಾಯಿ ಉಳಿಯುತ್ತಾಳೆ. ಅದು ಯಾರ ಮೇಲೂ ತಪ್ಪು ಹೊರಿಸಲಿಕ್ಕಲ್ಲ ಅಂತ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಕಾಗದದ ಮೇಲಿನ ಆ ಮಾತು ಪ್ರಶ್ನೆ ಕೇಳುವ ದನಿಯಲ್ಲಿ ಇರಲಿಲ್ಲ. ಆ ತಾಯಿಗಾಗಿ ಅಳಲು ಅವರಿಗೆ ಪುರಸೊತ್ತೇ ಸಿಕ್ಕಿರಲಿಲ್ಲ. ಬಿಪಿ ಗುಳಿಗೆ ಶುರುವಾಗಿತ್ತು. ಫೋನ್ ಬಾರಿಸಿದರೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತಿತ್ತು.

ನಾವು ಅವರ ಸಾಹೇಬರ ಹತ್ತಿರ ಮಾತಾಡಿದೆವು, ಅವರೂ ಒಳ್ಳೆಯ ಮನುಷ್ಯರು. ಇನ್‌ಚಾರ್ಜ್ ಬಿಡಿಸಲಿಲ್ಲ. ಆದರೆ ಲಿನನ್, ಔಷಧಿ ದಾಸ್ತಾನು, ಜೈವಿಕ ತ್ಯಾಜ್ಯ ಈ ಮೂರು ರಜಿಸ್ಟರ್‌ಗಳನ್ನು ಮೂವರು ಕಿರಿಯರ ಹೆಸರಿಗೆ ಬರಹದಲ್ಲೇ ಹಂಚಿದರು. ವಾರದ ರಜೆಯ ದಿನ ಅವರಿಗೆ ಫೋನ್ ಮಾಡಬಾರದು, ಆ ದಿನದ ಹಿರಿಯರೇ ನಿರ್ಧರಿಸಬೇಕು ಅಂತ ಗೋಡೆಗೆ ಚೀಟಿ ಹಚ್ಚಿದರು. ಇಷ್ಟೇ ಆದದ್ದು. ಗುಳಿಗೆ ನಿಂತಿಲ್ಲ. ಆದರೆ ಆ ಸಿಸ್ಟರ್ ಇನ್ನೂ ವಾರ್ಡಿನಲ್ಲಿದ್ದಾರೆ.

ನಿಭಾಯಿಸುವ ದಾರಿಗಳು

ಲಾಜರಸ್ ಮತ್ತು ಫೋಕ್ಮನ್ ಎಂಬ ಇಬ್ಬರು 1984ರ ತಮ್ಮ ಪುಸ್ತಕದಲ್ಲಿ ಎರಡು ಬಗೆಯ ನಿಭಾವಣೆ ಹೇಳಿದರು: ಸಮಸ್ಯೆಯನ್ನೇ ಹಿಡಿದು ಸರಿಪಡಿಸುವುದು, ಮತ್ತು ಸಮಸ್ಯೆಯಿಂದ ಎದ್ದ ಮನಸ್ಸಿನ ಕುದಿಯನ್ನು ತಣಿಸುವುದು. ಎರಡೂ ಬೇಕು. ನಮ್ಮ ಸಿಸ್ಟರ್‌ಗಳು ಎರಡನೆಯದನ್ನೇ ಹೆಚ್ಚು ಬಳಸುತ್ತಾರೆ, ಮೊದಲನೆಯದಕ್ಕೆ ದಾರಿ ಇಲ್ಲ ಅಂತ ಅವರ ನಂಬಿಕೆ. ಡ್ರೆಸ್ಸಿಂಗ್ ರೂಮಿನಲ್ಲಿ ಅತ್ತು ಮುಖ ತೊಳೆದುಕೊಂಡು ಬರುತ್ತಾರೆ, ಚಹಾ ಕುಡಿಯುತ್ತಾರೆ, ಪ್ರಾರ್ಥಿಸುತ್ತಾರೆ. ಕೆಲವರು ಸಿಟ್ಟನ್ನು ಕೆಳಗೆ ಇಳಿಸುತ್ತಾರೆ. ಸಾಹೇಬರು ಇನ್‌ಚಾರ್ಜ್‌ಗೆ, ಇನ್‌ಚಾರ್ಜ್ ಕಿರಿಯ ನರ್ಸ್‌ಗೆ, ಅವಳು ಆಯಾಳಿಗೆ, ಆಯಾ ಬಾಣಂತಿಯ ತಾಯಿಗೆ. ಕಟ್ಟಕಡೆಗೆ ಬೈಸಿಕೊಳ್ಳುವವಳು ಏನೂ ತಿಳಿಯದ ಬಡ ಹೆಣ್ಣುಮಗಳು. ನಿದ್ದೆಗುಳಿಗೆ ಕೈಗೆ ಸಿಗುವ ಜಾಗದಲ್ಲಿ ಕೆಲಸ ಮಾಡುವವರು ಅದನ್ನು ತಾವೇ ತೆಗೆದುಕೊಳ್ಳುವ ಅಪಾಯವೂ ಇದೆ, ಇದನ್ನು ಮುಚ್ಚಿಡಬಾರದು.

ಸಮಸ್ಯೆಯನ್ನೇ ಹಿಡಿಯುವ ಕೆಲವು ಸಣ್ಣ ಕ್ರಮಗಳು ಕಾಸಿಲ್ಲದೆ ಆಗುವಂಥವು. ಡ್ಯೂಟಿ ಪಟ್ಟಿಯನ್ನು ಎರಡು ವಾರ ಮೊದಲೇ ಗೋಡೆಗೆ ಹಾಕುವುದು, ಹಬ್ಬದ ಪಾಳಿ ಕಳೆದ ವರ್ಷ ಯಾರು ಮಾಡಿದರು ಅಂತ ಪಕ್ಕದಲ್ಲೇ ಬರೆಯುವುದು. ಪಕ್ಷಪಾತದ ಮಾತು ಅರ್ಧ ನಿಲ್ಲುತ್ತದೆ. ಪಾಳಿ ಒಪ್ಪಿಸುವಾಗ ಪ್ರತಿ ರೋಗಿಗೂ ನಾಲ್ಕು ಮಾತು: ಯಾರು, ಏನಾಗಿತ್ತು, ಈಗ ಹೇಗಿದ್ದಾರೆ, ಮುಂದೆ ಏನು ಮಾಡಬೇಕು. ಜನ ಕಡಿಮೆ, ಔಷಧಿ ಇಲ್ಲ ಅನ್ನುವುದನ್ನು ಬಾಯಲ್ಲಿ ಹೇಳಿ ಬಿಡದೆ ದಿನಾಂಕ ಹಾಕಿ ಬರೆದುಕೊಟ್ಟು, ಪ್ರತಿ ಇಟ್ಟುಕೊಳ್ಳುವುದು. ಎಷ್ಟೋ ಸಿಸ್ಟರ್‌ಗಳು ಇದನ್ನು ದೂರು ಅಂದುಕೊಂಡು ಹೆದರುತ್ತಾರೆ. ಅದು ದೂರಲ್ಲ, ದಾಖಲೆ. ವಾರ್ಡಿನಲ್ಲಿ ಸಾವು ಸಂಭವಿಸಿದ ದಿನ, ರಜಿಸ್ಟರ್ ತೆರೆಯುವ ಮೊದಲು ಆ ಪಾಳಿಯವರೆಲ್ಲ ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಕುಳಿತು ಮಾತಾಡುವುದು. ಲೈಂಗಿಕ ಕಿರುಕುಳವಿದ್ದರೆ 2013ರ ಕಾಯ್ದೆಯಂತೆ ಹತ್ತು ಜನರಿರುವ ಪ್ರತಿ ಕೆಲಸದ ಜಾಗದಲ್ಲೂ ಆಂತರಿಕ ಸಮಿತಿ ಇರಬೇಕು, ಅದರ ಸದಸ್ಯರ ಹೆಸರು ಕಣ್ಣಿಗೆ ಕಾಣುವಂತೆ ಹಾಕಿರಬೇಕು.

ಕೆಲಸ ಹಂಚುವ ವಿಷಯದಲ್ಲಿ ಪವಿತ್ರ ಬೈಬಲ್ಲಿನ ವಿಮೋಚನಾಕಾಂಡದ 18ನೆಯ ಅಧ್ಯಾಯ ಓದಿ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಎಲ್ಲರ ವ್ಯಾಜ್ಯ ತೀರಿಸುತ್ತಿದ್ದಾನೆ. ಅವನ ಮಾವ ಇತ್ರೋ ನೋಡಿ, ನೀನು ಮಾಡುವುದು ಸರಿಯಲ್ಲ, ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ, ಸಾವಿರಕ್ಕೆ ನೂರಕ್ಕೆ ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಅನ್ನುತ್ತಾನೆ. ಇತ್ರೋ ಮೋಶೆಗೆ ಇನ್ನಷ್ಟು ತಾಳ್ಮೆ ಇರಲಿ ಅಂತ ಬೋಧಿಸಲಿಲ್ಲ, ವ್ಯವಸ್ಥೆ ಬದಲಿಸಲು ಹೇಳಿದ. ಒಂದನೇ ಅರಸುಗಳು 19ರಲ್ಲಿ ಎಲೀಯ ಪ್ರವಾದಿ ಸಾಕಾಗಿ, ಸಾವು ಬೇಡಿಕೊಂಡು ಗಿಡದ ಕೆಳಗೆ ಮಲಗುತ್ತಾನೆ. ದೇವದೂತ ಬಂದವನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಅವನು ಮತ್ತೆ ಮಲಗಿದ, ಎರಡನೇ ಸಲ ಎಬ್ಬಿಸಿ ಮತ್ತೆ ಉಣಿಸಿದ. ಆಮೇಲೆ ಪ್ರಯಾಣದ ಮಾತು. ಸೇವೆ, ತ್ಯಾಗ ಅಂತ ಬೇಗ ನಾಲಿಗೆಗೆ ತರುವವರು ಇದನ್ನು ನೆನಪಿಡಬೇಕು. ಮಿಷನ್ ಆಸ್ಪತ್ರೆಗಳಲ್ಲೂ ರಜೆ ಕೇಳದವಳೇ ಒಳ್ಳೆಯವಳು ಅನ್ನುವ ಹೊಗಳಿಕೆ ಇದೆ. ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು, ಅಲ್ಲಿ ಕಾಯಕದ ಮಾತು ಸಹಜ. ಆದರೆ ಕಾಯಕದ ಹೆಸರಿನಲ್ಲಿ ಮೂರು ಜನರ ದುಡಿಮೆಯನ್ನು ಒಬ್ಬಳ ಮೇಲೆ ಹೇರಲು ಯಾವ ಶರಣರೂ ಹೇಳಲಿಲ್ಲ.

ನಿದ್ದೆ ಹದಿನೈದು ದಿನಕ್ಕಿಂತ ಹೆಚ್ಚು ಕೆಟ್ಟರೆ, ಕಾರಣವಿಲ್ಲದೆ ಅಳು ಬಂದರೆ, ಬದುಕೇ ಬೇಡ ಅನಿಸಿದರೆ ಅದು ವೈದ್ಯರ ಹತ್ತಿರ ಹೋಗುವ ಸಮಯ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, ನಂಬರು 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪರಿಚಯದ ವೈದ್ಯರ ಮುಂದೆ ಹೇಳಿಕೊಳ್ಳಲು ನಾಚಿಕೆಪಡುವ ನರ್ಸ್‌ಗಳಿಗೆ ಇದು ಅನುಕೂಲ.

ನಮ್ಮ ಸಂಘಗಳಿಗೆ

ಒಬ್ಬ ಬಾಣಂತಿಯ ಜೊತೆ ಒಬ್ಬರೇ ಒಳಗೆ ಇರುವುದು, ಗುಳೆ ಹೋಗುವ ಗರ್ಭಿಣಿಯ ಕೈಗೆ ತಾಯಿ ಕಾರ್ಡ್ ಕೊಟ್ಟು ಕಳಿಸುವುದು, ಇವು ನಮ್ಮ ಕೈಯಲ್ಲಿವೆ. ಮೇ 12ರ ನರ್ಸ್ ದಿನಕ್ಕೆ ಶಾಲು, ಹಾರ ಒಯ್ಯುವ ಸಂಘಗಳು ಈ ಸಲ ಅದರ ಬದಲು ಒಂದು ಅರ್ಜಿ ಒಯ್ಯಲಿ. ನರ್ಸ್‌ಗಳಿಗೆ ಒಳಗಿನಿಂದ ಚಿಲಕ ಬೀಳುವ ವಿಶ್ರಾಂತಿ ಕೋಣೆ, ನೀರಿರುವ ಶೌಚಾಲಯ, ರಾತ್ರಿ ಕಾವಲು ಇವು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಎತ್ತಬಹುದಾದ ವಿಷಯಗಳು. ಸಭೆಗೆ ಹೋಗುವ ಸದಸ್ಯೆಯರು ಮೊದಲು ಕೇಳಬೇಕಾದದ್ದು ಇಷ್ಟು: ಇಲ್ಲಿ ನರ್ಸಿಂಗ್ ಹುದ್ದೆ ಮಂಜೂರಾದದ್ದು ಎಷ್ಟು, ಭರ್ತಿ ಎಷ್ಟು, ಅದರಲ್ಲಿ ಬೇರೆ ಕಡೆ ನಿಯೋಜನೆ ಮೇಲೆ ಹೋದವರು ಎಷ್ಟು, ಇವತ್ತು ರಾತ್ರಿ ಹೆರಿಗೆ ಕೋಣೆಯಲ್ಲಿ ಎಷ್ಟು ಜನ. ಉತ್ತರವನ್ನು ಸಭೆಯ ಪುಸ್ತಕದಲ್ಲಿ ಬರೆಸಿಕೊಂಡು ಬನ್ನಿ.